ಮೊದಲ ಮೂರು ಸೆಕೆಂಡು

ಗುರಪ್ಪನಪಾಳ್ಯದ ಒಳರಸ್ತೆಯ ಗ್ಯಾರೇಜು. ಬನ್ನೇರುಘಟ್ಟ ರಸ್ತೆಯ ಗಲಾಟೆ ಇಲ್ಲಿಗೆ ಅರ್ಧ ಮಾತ್ರ ಕೇಳುತ್ತದೆ. ಮಾತಾಡುತ್ತಿರುವವರು ಇಬ್ಬರು: ಬನಶಂಕರಿ ಎರಡನೇ ಹಂತದಿಂದ ಕಾರು ತಂದವಳು, ಮೂವತ್ತು ವರ್ಷದಿಂದ ಇಲ್ಲೇ ಎಂಜಿನ್ ಬಿಚ್ಚಿ ಜೋಡಿಸುತ್ತಿರುವ ಮೇಸ್ತ್ರಿ.

– ಮೇಸ್ತ್ರಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಶಬ್ದ. ತಗಡಿನ ಡಬ್ಬಕ್ಕೆ ಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ತಾನಾಗೇ ನಿಂತುಹೋಗುತ್ತೆ.

– ಎಷ್ಟು ಹೊತ್ತು ಬರುತ್ತೆ?

– ಮೂರು ಸೆಕೆಂಡು. ಮೊದಲು ಒಂದೇ ಸೆಕೆಂಡು ಇತ್ತು.

– ಯಾವಾಗಿಂದ?

– ಗಣೇಶನ ಹಬ್ಬದ ಹೊತ್ತಿಗೆ ಗಮನಿಸಿದ್ದು. ಈಗ ಕಡಲೆಕಾಯಿ ಪರಿಷೆ ಬಂತು.

– ಮೂರು ತಿಂಗಳು ಆಗೋಯ್ತು ಹಂಗಾದ್ರೆ. ಬೇರೆ ಎಲ್ಲಾದ್ರೂ ತೋರಿಸಿದ್ರಾ?

– ಒಬ್ಬರು, ಡೀಸೆಲ್ ಗಾಡಿ ಅಂದಮೇಲೆ ಹೀಗೇ ಅಂದ್ರು. ಇನ್ನೊಬ್ಬರು ದಪ್ಪ ಆಯಿಲ್ ಹಾಕಿಕೊಟ್ರು. ಒಂದು ತಿಂಗಳು ಕಡಿಮೆ ಆದ ಹಾಗಿತ್ತು.

– ದಪ್ಪ ಆಯಿಲ್ ಹಾಕೋದು ಅಳೋ ಮಗೂನ ಬಾಯಿ ಮುಚ್ಚಿದ ಹಾಗೆ ಮೇಡಂ. ಬೆಳಿಗ್ಗೆ ಚಳೀಲಿ ಅದು ಮೇಲಕ್ಕೆ ಏರೋಕೆ ಇನ್ನೂ ಹೆಚ್ಚು ಹೊತ್ತು ತಗೊಳುತ್ತೆ. ಈ ಎಂಜಿನ್ನಿಗೆ ತೆಳ್ಳಗಿರೋ ಐದು-ಮೂವತ್ತೇ ಆಗಬೇಕು. ನೀವು ಹೇಳ್ತಿರೋದು ಟೈಮಿಂಗ್ ಚೈನಿನ ಶಬ್ದ. ಈಗ ಸ್ಟಾರ್ಟ್ ಮಾಡಿದ್ರೆ ಕೇಳಲ್ಲ, ಗಾಡಿ ಬಿಸಿ ಇದೆ. ರಾತ್ರಿ ಇಲ್ಲೇ ಬಿಡಿ, ಬೆಳಿಗ್ಗೆ ನಾನೇ ಕೇಳ್ತೀನಿ.

– ಚೈನು ಸಡಿಲ ಆಗಿದ್ರೆ ದಿನವಿಡೀ ಶಬ್ದ ಬರಬೇಕಲ್ವಾ? ಮೂರೇ ಸೆಕೆಂಡು ಯಾಕೆ?

– ಅದನ್ನ ತಿಳ್ಕೊಂಡ್ರೆ ಅರ್ಧ ಎಂಜಿನ್ ತಿಳಿದ ಹಾಗೆ. ಕೆಳಗಡೆ ಕ್ರ್ಯಾಂಕ್ ಇದೆ, ಪಿಸ್ಟನ್‌ಗಳನ್ನ ಏರಿಸಿ ಇಳಿಸೋದು. ಮೇಲ್ಗಡೆ ಕ್ಯಾಮ್, ವಾಲ್ವುಗಳನ್ನ ತೆರೆದು ಮುಚ್ಚೋದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ಕ್ಯಾಮ್ ಸರಿಯಾಗಿ ಒಂದು ಸುತ್ತು ಸುತ್ತಬೇಕು. ಆ ಲೆಕ್ಕ ತಪ್ಪದ ಹಾಗೆ ನೋಡ್ಕೊಳ್ಳೋದು ಚೈನು. ಅದು ಜೋಲದ ಹಾಗೆ ಮಗ್ಗುಲಿಂದ ಒಂದು ಪಟ್ಟಿ ಒತ್ತಿರುತ್ತೆ, ಆ ಪಟ್ಟೀನ ತಳ್ಳೋದು ಟೆನ್ಷನರ್. ಟೆನ್ಷನರ್ ಒಳಗೆ ಸ್ಪ್ರಿಂಗ್ ಇದ್ರೂ ನಿಜವಾದ ಬಲ ಆಯಿಲ್ ಪ್ರೆಶರಿಂದು. ರಾತ್ರಿ ಗಾಡಿ ನಿಂತ್ರೆ ಆಯಿಲ್ಲೆಲ್ಲ ಕೆಳಗೆ ಸಂಪಿಗೆ ಇಳಿದುಬಿಡುತ್ತೆ. ಬೆಳಿಗ್ಗೆ ಪಂಪು ಅದನ್ನ ಮತ್ತೆ ಮೇಲಕ್ಕೆ ಎತ್ತೋವರೆಗೂ ಚೈನನ್ನ ಬಿಗಿಯಾಗಿ ಹಿಡಿಯೋರು ಯಾರೂ ಇಲ್ಲ. ಹೊಸ ಚೈನು ಆ ಹೊತ್ತನ್ನ ಸುಮ್ಮನೆ ದಾಟುತ್ತೆ. ಸವೆದಿರೋದು ಗೈಡಿಗೆ, ಕವರಿಗೆ ಬಡ್ಕೊಳ್ಳುತ್ತೆ. ನಿಮಗೆ ಕೇಳ್ತಿರೋದು ಅದು.

– ಆದ್ರೆ ಚೈನು ಅಂದ್ರೆ ಎಂಜಿನ್ ಇರೋವರೆಗೂ ಬಾಳಿಕೆ, ಬೆಲ್ಟಿನ ಹಾಗೆ ಬದಲಾಯಿಸಬೇಕಿಲ್ಲ ಅಂತ ಕಾರು ತಗೊಳ್ಳೋವಾಗ ಹೇಳಿದ್ರು. ಅಪ್ಪ ಅದಕ್ಕೇ ಇದನ್ನ ಆರಿಸಿದ್ದು.

– ಪೂರ್ತಿ ಸುಳ್ಳಲ್ಲ ಅದು. ನಾನು ಕೆಲಸ ಕಲೀತಿದ್ದಾಗ ಅಂಬಾಸಿಡರ್, ಪದ್ಮಿನಿ ಎರಡರಲ್ಲೂ ಚೈನೇ. ಆಗ ಕ್ಯಾಮ್ ಕೆಳಗೆ ಬ್ಲಾಕಿನೊಳಗೇ ಇರ್ತಿತ್ತು, ಚೈನು ಚಿಕ್ಕದು, ಜೋಲೋಕೆ ಜಾಗವೇ ಇಲ್ಲ. ಆಮೇಲೆ ಮಾರುತಿ 800 ಬಂತು, ಸ್ಯಾಂಟ್ರೋ ಬಂತು, ಕ್ಯಾಮ್ ಮೇಲಕ್ಕೆ ಹೋಯ್ತು, ರಬ್ಬರ್ ಬೆಲ್ಟು ಬಂತು. ಬೆಲ್ಟು ಹೇಳಿ ಹೋಗಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಹರೀತು. ಅದಕ್ಕೇ ಇಷ್ಟು ಸಾವಿರಕ್ಕೆ ಬದಲಾಯಿಸಿ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ಈಗ ಮತ್ತೆ ಚೈನು, ಆದ್ರೆ ಉದ್ದ ಚೈನು. ನಿಮ್ಮ ಡೀಸೆಲ್ ಸ್ವಿಫ್ಟಿನ 1,248 ಸಿಸಿ ಎಂಜಿನ್ ಫಿಯಟ್‌ನೋರು 2003ರಲ್ಲಿ ತಂದದ್ದು. ಪುಂಟೋ, ಲೀನಿಯಾ, ವಿಸ್ಟಾ, ಎಲ್ಲದರಲ್ಲೂ ಇದೇ. ಎರಡು, ಮೂರು ಲಕ್ಷ ಓಡಿಸಿ ಚೈನು ಮುಟ್ಟದೇ ಇರೋರನ್ನ ನಾನೇ ನೋಡಿದೀನಿ. ಅವರ ಆಯಿಲ್ ಮಾತ್ರ ಯಾವತ್ತೂ ತಡ ಆಗಿಲ್ಲ. ಚೈನಿನ ಆಯಸ್ಸು ಅನ್ನೋದು ಆಯಿಲ್ಲಿನ ಆಯಸ್ಸು ಮೇಡಂ. ನಿಮ್ಮದು ಎಷ್ಟಾಗಿದೆ?

– ಒಂದು ಲಕ್ಷದ ಹನ್ನೆರಡು ಸಾವಿರ.

– ಆಯಿಲ್ ಯಾವಾಗ್ಯಾವಾಗ ಹಾಕಿಸಿದ್ರಿ?

– ಡೈರಿ ತಂದಿದ್ದೀನಿ. ಅಪ್ಪ ಆಡುಗೋಡಿಯ ಮೈಕೋದಲ್ಲಿದ್ರು, ಡೀಸೆಲ್ ಪಂಪು ಜೋಡಿಸೋ ಕಡೆ. 2008ರಲ್ಲಿ ಕಂಪನಿ ಹೆಸರು ಬಾಷ್ ಆಯ್ತು, ಅವರ ಬಾಯಲ್ಲಿ ಕೊನೇವರೆಗೂ ಮೈಕೋ. 2012ರಲ್ಲಿ ಕಾರು ತಂದ ದಿನದಿಂದ ಎಲ್ಲ ಬರೆದಿಟ್ಟಿದ್ದಾರೆ ನೋಡಿ.

– ಅಕ್ಷರ ಎಷ್ಟು ಮುದ್ದಾಗಿದೆ! ಕಿಲೋಮೀಟರು, ತಾರೀಕು, ಎಷ್ಟು ಲೀಟರು. ಟೈರಿನ ಗಾಳೀನೂ ಬರೆದಿದಾರೆ. ಇಲ್ಲಿ 2019ರಲ್ಲಿ ನಿಂತಿದೆ.

– ಆ ವರ್ಷ ಹೋದ್ರು. ಆಮೇಲೆ ಆ ಡೈರಿ ತೆಗೆಯೋಕೆ ನನಗೆ ಮನಸ್ಸಾಗಲಿಲ್ಲ. ಕೊರೊನಾದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತೇ ಇತ್ತು. ಓಡಿಸಿಲ್ಲವಲ್ಲ, ಆಯಿಲ್ ಯಾಕೆ ಅಂತ ಬಿಟ್ಟೆ. ಮತ್ತೆ ಬಿಟಿಎಂ ಆಫೀಸು ಶುರುವಾದಾಗ ಹಳೇ ಆಯಿಲಲ್ಲೇ ಓಡಿಸಿದೆ. ಒಂದು ಸಲ ಹದಿನೇಳು ಸಾವಿರ ಆಗೋಗಿತ್ತು.

– ಹೇಳಿದ್ದು ಒಳ್ಳೇದಾಯ್ತು. ತುಂಬ ಜನ ಹೇಳಲ್ಲ, ನಮಗೆ ಕಾರಣ ಹುಡುಕೋಕೆ ಕಷ್ಟ ಆಗುತ್ತೆ. ಡೀಸೆಲ್ ಉರಿದಾಗ ಮಸಿ ಬರುತ್ತೆ, ಒಂದಷ್ಟು ಆಯಿಲಿಗೆ ಸೇರುತ್ತೆ. ಆಯಿಲ್ ಹೊಸದಿದ್ದಾಗ ಆ ಮಸಿಯನ್ನ ಬಿಡಿಬಿಡಿಯಾಗಿ ಇಟ್ಕೊಳ್ಳುತ್ತೆ. ಹಳೇದಾದ್ರೆ ಆಗಲ್ಲ. ಮಸಿ ಚೈನಿನ ಸಂದಿಗೆ ಹೋಗಿ ಅರದ ಪುಡಿ ಹಾಗೆ ತೇಯುತ್ತೆ. ನಿಂತ ಗಾಡೀಲೂ ಆಯಿಲ್ ಕೆಡುತ್ತೆ. ಹತ್ತು ಸಾವಿರ ಇಲ್ಲಾ ಒಂದು ವರ್ಷ, ಯಾವುದು ಮೊದಲು ಬರುತ್ತೋ ಅದು.

– ಆ ಒಂದು ಸಲ ಬಿಟ್ರೆ ಉಳಿದಿದ್ದೆಲ್ಲ ಹತ್ತು ಸಾವಿರದ ಒಳಗೇ ಇದೆ.

– ನಮ್ಮೂರಲ್ಲಿ ಹತ್ತು ಸಾವಿರ ಅನ್ನೋದೂ ಜಾಸ್ತಿ ಅನ್ಸುತ್ತೆ ನನಗೆ. ಹಾಸನ, ಮಂಗಳೂರು ಅಂತ ಓಡೋ ಗಾಡಿ ಎರಡು ಲಕ್ಷ ಆಗಿ ಬಂದ್ರೂ ಒಳಗೆ ಚೊಕ್ಕ ಇರುತ್ತೆ. ಇಲ್ಲೇ ಜಯನಗರ, ಕೋರಮಂಗಲ ಅಂತ ಸುತ್ತೋದು ಲಕ್ಷಕ್ಕೇ ಸವೆದಿರುತ್ತೆ. ಯಾಕೆ ಅಂತ ಲೆಕ್ಕದಲ್ಲಿ ಹೇಳೋಕೆ ನನಗೆ ಬರಲ್ಲ. ಬಿಚ್ಚಿದಾಗ ಕಣ್ಣಿಗೆ ಕಾಣುತ್ತೆ ಅಷ್ಟೆ.

– ಲೆಕ್ಕ ನಾನು ಹೇಳ್ತೀನಿ, ನನ್ನ ಕೆಲಸವೇ ಅದು. ಟಾಮ್‌ಟಾಮ್ ಅಂತ ನೆದರ್ಲೆಂಡ್ಸಿನ ಕಂಪನಿ ಇದೆ. 2022ರಲ್ಲಿ ಅವರು ಅಳೆದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಹೋಗೋಕೆ ಸರಾಸರಿ 29 ನಿಮಿಷ 10 ಸೆಕೆಂಡು. ಆ ವರ್ಷದ ಅವರ ಪಟ್ಟಿಯಲ್ಲಿ ಲಂಡನ್ ಬಿಟ್ರೆ ಅಷ್ಟು ನಿಧಾನದ ಊರು ಇನ್ನೊಂದಿರಲಿಲ್ಲ. ಆ ಲೆಕ್ಕದಲ್ಲಿ ಒಂದು ಲಕ್ಷ ಕಿಲೋಮೀಟರಿಗೆ ಎಂಜಿನ್ ಓಡಿದ್ದು 4,861 ಗಂಟೆ. ಅದೇ ಹೆದ್ದಾರಿಯಲ್ಲಿ ಗಂಟೆಗೆ ಅರವತ್ತರಲ್ಲಿ ಹೋಗಿದ್ರೆ 1,667 ಗಂಟೆ.

– ಮೂರರಷ್ಟು!

– ಹತ್ತಿರ ಹತ್ತಿರ ಮೂರರಷ್ಟು. ನನ್ನ ದಾರಿ ಬನಶಂಕರಿಯಿಂದ ರಾಗಿಗುಡ್ಡ, ಮಾರೇನಹಳ್ಳಿ ರಸ್ತೆ, ಜಯದೇವ, ಬಿಟಿಎಂ. 2020ರ ಜನವರಿಯಲ್ಲಿ ಜಯದೇವ ಮೇಲ್ಸೇತುವೆ ಒಡೆದ್ರಲ್ಲ, 2024ರ ಜುಲೈನಲ್ಲಿ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆಯೋವರೆಗೂ ಅಲ್ಲಿ ನಿಂತ ಹೊತ್ತಿಗೆ ಲೆಕ್ಕವೇ ಇಲ್ಲ. ಮೀಟರು ಓಡಿಲ್ಲ, ಎಂಜಿನ್ ಓಡಿದೆ.

– ಐಡಲಲ್ಲಿ ನಿಂತಾಗಲೂ ಕ್ರ್ಯಾಂಕ್ ನಿಮಿಷಕ್ಕೆ ಎಂಟುನೂರು ಸುತ್ತು ಸುತ್ತುತ್ತಲೇ ಇರುತ್ತೆ. ಚೈನು ಅದರ ಜೊತೇಲಿ. ಟ್ರ್ಯಾಕ್ಟರಲ್ಲಿ, ಜೆಸಿಬೀಲಿ ಗಂಟೆ ತೋರಿಸೋ ಮೀಟರು ಇರುತ್ತೆ ನೋಡಿ. ಇಷ್ಟು ಗಂಟೆಗೆ ಆಯಿಲ್ ಅಂತಲೇ ಅವರ ಲೆಕ್ಕ. ಹೊಲದಲ್ಲಿ ಕಿಲೋಮೀಟರ್ ನಂಬಿದ್ರೆ ಆಗಲ್ಲ ಅಂತ ಅವರಿಗೆ ಗೊತ್ತು. ನಮಗೂ ಸಿಲ್ಕ್ ಬೋರ್ಡಲ್ಲಿ ಅದೇ ಲೆಕ್ಕ ಬೇಕಿತ್ತು.

– ನಾನು ಹತ್ತು ಸಾವಿರಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದ್ರೂ ಅದು 486 ಗಂಟೆ ದುಡಿದಿರುತ್ತೆ. ಹೆದ್ದಾರಿ ಗಾಡಿಯ ಆಯಿಲ್ ಅಷ್ಟು ಹೊತ್ತು ದುಡಿಯೋ ಹೊತ್ತಿಗೆ ಇಪ್ಪತ್ತೊಂಬತ್ತು ಸಾವಿರ ಕಿಲೋಮೀಟರ್ ದಾಟಿರುತ್ತೆ.

– ಇಪ್ಪತ್ತೊಂಬತ್ತು ಸಾವಿರಕ್ಕೆ ಆಯಿಲ್ ಹಾಕ್ಸೋರು ಬಂದ್ರೆ ನಾನು ಬೈದೇ ಕಳಿಸ್ತೀನಿ. ಇನ್ಮೇಲೆ ನೀವು ಐದು ಸಾವಿರಕ್ಕೆ ಹಾಕ್ಸಿ. ಚೈನಿನ ಕೆಲಸದ ಮುಂದೆ ಮೂರು ಲೀಟರ್ ಆಯಿಲ್ ಏನೂ ಅಲ್ಲ.

– ತಮ್ಮ ಹೇಳ್ತಾನೆ, ಇಷ್ಟು ಹಳೇ ಗಾಡಿಗೆ ದುಡ್ಡು ಸುರೀಬೇಡ, ಮಾರಿಬಿಡು ಅಂತ.

– ಗಾಡಿ ನಿಮ್ಮದು. ಆದ್ರೆ ಈ ಶಬ್ದ ಇಟ್ಕೊಂಡು ಹಂಗೇ ಮಾರಬೇಡಿ. ತಗೊಂಡೋರು ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಧರ್ಮಸ್ಥಳಕ್ಕೆ ಹೊರಟಿರ್ತಾರೆ, ಶಿರಾಡಿ ಘಾಟಿಯಲ್ಲಿ ಚೈನು ಒಂದು ಹಲ್ಲು ಹಾರುತ್ತೆ. ಈ ಎಂಜಿನ್ನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ವಾಲ್ವು ತೆರೆದಿದ್ರೆ ಎರಡೂ ಡಿಕ್ಕಿ. ಮೊದಲು ಮುರಿಯೋದು ರಾಕರ್‌ಗಳು, ಅವು ಮುರಿದು ಎಷ್ಟೋ ಸಲ ವಾಲ್ವನ್ನ ಉಳಿಸಿಬಿಡ್ತವೆ. ಉಳಿಸದೇ ಇದ್ರೆ ಹೆಡ್ಡು ಇಳಿಸಬೇಕು. ಗಾಡಿ ಅಂತೂ ನಡುರಸ್ತೇಲೇ ನಿಲ್ಲುತ್ತೆ.

– ಚೆಕ್ ಎಂಜಿನ್ ದೀಪ ಹತ್ತಿಲ್ಲವಲ್ಲ ಇನ್ನೂ?

– ಕ್ರ್ಯಾಂಕಿಗೊಂದು, ಕ್ಯಾಮಿಗೊಂದು ಸೆನ್ಸರ್ ಇದೆ. ಎರಡರ ಲೆಕ್ಕ ತಾಳೆ ಆಗದೇ ಇದ್ರೆ ಸ್ಕ್ಯಾನರಲ್ಲಿ ಪಿ 0016 ಅಂತ ಬರುತ್ತೆ. ಅದು ಬಂತು ಅಂದ್ರೆ ಸವೆತ ಆಗ್ಲೇ ಮುಂದಕ್ಕೆ ಹೋಗಿದೆ ಅಂತ. ನಿಮ್ಮ ಕಿವಿ ಸೆನ್ಸರಿಗಿಂತ ಮೊದಲು ಹೇಳಿದೆ. ಅದನ್ನ ನಂಬಿ.

– ಅಪ್ಪ ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೋ ಹಾಕೋಕೆ ಬಿಡ್ತಿರಲಿಲ್ಲ. ಮೊದಲು ಕೇಳು ಅನ್ನೋರು. ಏನು ಕೇಳಬೇಕು ಅಂತ ಹೇಳ್ತಿರಲಿಲ್ಲ.

– ದಿನಾ ಕೇಳಿಸ್ಕೊಂಡೋರಿಗೆ ಹೊಸ ಶಬ್ದ ಬಂದ ದಿನ ಗೊತ್ತಾಗುತ್ತೆ. ಅದಕ್ಕೇ ಹೇಳ್ತಿದ್ದದ್ದು. ಕೀ ಕೊಟ್ಟು ಹೋಗಿ.

*

– ಬನ್ನಿ ಮೇಡಂ, ಸರಿಯಾದ ಹೊತ್ತಿಗೆ ಬಂದ್ರಿ. ಡ್ರೈವರ್ ಕಡೆ ಚಕ್ರ ತೆಗೆದು, ಎಂಜಿನ್ನಿಗೆ ಕೆಳಗಿಂದ ಜಾಕ್ ಕೊಟ್ಟು, ಮೌಂಟಿಂಗ್ ಬಿಚ್ಚಿ, ಸಂಪು ಇಳಿಸಿ, ಆಮೇಲೆ ಕವರು. ಎರಡು ದಿನ ಅದಕ್ಕೇ ಹೋಯ್ತು. ಈ ಕೆಲಸದಲ್ಲಿ ಸಾಮಾನಿಗಿಂತ ಅಲ್ಲಿವರೆಗೂ ಕೈ ಹೋಗೋಕೇ ಖರ್ಚು.

– ಈ ದಪ್ಪ ಬೋಲ್ಟು ಯಾಕೆ ಬೇರೆ ಇಟ್ಟಿದ್ದೀರಿ?

– ಕ್ರ್ಯಾಂಕ್ ಪುಲ್ಲಿದು. ಇದರ ಮರೆ ಉಲ್ಟಾ, ಬಲಗಡೆ ತಿರುಗಿಸಿದ್ರೆ ಬಿಚ್ಚೋದು. ಗೊತ್ತಿಲ್ಲದೋರು ಉದ್ದ ಪೈಪು ಹಾಕಿ ಎಡಗಡೆ ಎಳೆದು ಇನ್ನೂ ಬಿಗಿ ಮಾಡಿ, ಕೊನೆಗೆ ಮುರಿದುಬಿಡ್ತಾರೆ. ಹೊಸ ಹುಡುಗ ಬಂದ್ರೆ ನಾನು ಮೊದಲು ಇದನ್ನ ಅವನ ಕೈಗೆ ಕೊಟ್ಟು ಮರೆ ನೋಡು ಅಂತೀನಿ. ಆಮೇಲೆ ಸ್ಪ್ಯಾನರು. ಅದಿರಲಿ, ಇದನ್ನ ಹಿಡ್ಕೊಳ್ಳಿ. ನಿಮ್ಮ ಹಳೇ ಚೈನು.

– ಚೆನ್ನಾಗೇ ಇದೆಯಲ್ಲ! ಹೊಳೀತಿದೆ. ಎಲ್ಲೂ ಬಿರುಕಿಲ್ಲ.

– ಎಲ್ಲರೂ ಹಂಗೇ ಅಂತಾರೆ. ಇದನ್ನೂ ಹೊಸ ಚೈನನ್ನೂ ಒಂದೇ ಮೊಳೆಗೆ ನೇತು ಹಾಕ್ತೀನಿ, ಕೆಳಗಿನ ತುದಿ ನೋಡಿ.

– ಹಳೇದು ಸ್ವಲ್ಪ ಕೆಳಗಿದೆ. ಒಂದು ಅಕ್ಕಿಕಾಳಿನ ಉದ್ದ ಇರಬಹುದು.

– ಸಾಕು ಅಷ್ಟು. ಈಗ ಹೊಸದನ್ನ ಮಗ್ಗುಲಾಗಿ, ಪಿನ್ನುಗಳು ನೆಟ್ಟಗೆ ನಿಲ್ಲೋ ಹಾಗೆ, ಒಂದು ತುದಿ ಹಿಡಿದು ಮುಂದಕ್ಕೆ ಚಾಚಿ. ನೆಟ್ಟಗೆ ನಿಂತಿದೆ ಅಲ್ವಾ? ಈಗ ಹಳೇದು.

– ಅಯ್ಯೋ, ಬಿಲ್ಲಿನ ಹಾಗೆ ಬಾಗಿತು.

– ಜನ ಚೈನು ಎಳೆದುಕೊಂಡಿದೆ ಅಂತಾರೆ. ಕಬ್ಬಿಣ ಎಳೆದುಕೊಂಡಿಲ್ಲ. ಪ್ರತಿ ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ಒಂದು ಬುಷ್ಷು. ಆ ಎರಡರ ಮಧ್ಯೆ ಸವೆದಿದೆ. ಒಂದೊಂದರಲ್ಲಿ ನೋಡಿದ್ರೆ ಏನೂ ಕಾಣಲ್ಲ.

– ನೂರು ಕೊಂಡಿ ಇದ್ದು, ಒಂದೊಂದರಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ಸವೆದ್ರೂ ಒಟ್ಟು ಒಂದು ಮಿಲಿಮೀಟರು. ನಿನ್ನೆ ರಾತ್ರಿ ಈ ಬುಷ್ಷಿನ ವಿಷಯವೇ ಓದ್ತಿದ್ದೆ. ಹ್ಯಾನ್ಸ್ ರೆನಾಲ್ಡ್ ಅಂತ ಸ್ವಿಟ್ಜರ್ಲೆಂಡಿನವರು, ಮ್ಯಾಂಚೆಸ್ಟರಿಗೆ ಹೋಗಿ ನೆಲೆಸಿದವರು. 1880ರಲ್ಲಿ ಅವರು ಚೈನಿನ ಪಿನ್ನಿಗೆ ಬುಷ್ಷು ಹಾಕೋ ರೀತಿಗೆ ಪೇಟೆಂಟ್ ತಗೊಂಡ್ರು. ಅದಕ್ಕೆ ಮುಂಚೆ ಪಿನ್ನು ಬರೀ ತೆಳು ಪಟ್ಟಿಯ ಅಂಚಿನ ಮೇಲೆ ತಿರುಗಿ ಬೇಗ ಸವೆದುಹೋಗ್ತಿತ್ತಂತೆ. ಬುಷ್ಷು ಬಂದಮೇಲೆ ಭಾರ ಪಿನ್ನಿನ ಉದ್ದಕ್ಕೂ ಹರಡ್ತು.

– ಸೈಕಲ್ ಚೈನೂ ಅದೇ ಅಲ್ವಾ? ಆ ಪುಣ್ಯಾತ್ಮ ಸವೆತ ತಡ ಮಾಡಿದ. ಪಿನ್ನು ಬುಷ್ಷಿನ ಮಧ್ಯೆ ಆಯಿಲ್ ಇರೋ ಹಾಗೆ ನೋಡ್ಕೊಳ್ಳೋದು ನಮ್ಮ ಪಾಲಿಗೆ ಬಂತು. ಇದನ್ನೂ ನೋಡಿ, ಗೈಡು. ಬೆರಳು ಆಡಿಸಿ.

– ಎರಡು ಕಾಲುವೆ ತೋಡಿದ ಹಾಗಿದೆ. ಉಗುರು ಪೂರ್ತಿ ಒಳಗೆ ಹೋಗುತ್ತೆ.

– ಚೈನಿನ ಎರಡು ಅಂಚು ಉಜ್ಜಿದ ಗುರುತು. ಮೇಲ್ಮೈ ಪ್ಲಾಸ್ಟಿಕ್ಕು. ಇನ್ನೊಂದು ವರ್ಷ ಬಿಟ್ಟಿದ್ರೆ ತುಂಡಾಗಿ ಸಂಪಿಗೆ ಬಿದ್ದು, ಆಯಿಲ್ ಹೀರೋ ಜಾಲರಿ ಕಟ್ಟಿಕೊಳ್ತಿತ್ತು. ಕೆಲವರು ಚೈನು ಮಾತ್ರ ಹಾಕಿ ಸಾಕು ಅಂತಾರೆ. ನಾನು ಒಪ್ಪಲ್ಲ. ಹಳೇ ಸ್ಪ್ರಾಕೆಟಿನ ಹಲ್ಲುಗಳು ಹಳೇ ಚೈನಿಗೆ ಹೊಂದ್ಕೊಂಡು ಸವೆದಿರ್ತವೆ, ಹೊಸದನ್ನ ಅದೇ ಅಳತೆಗೆ ತಂದುಬಿಡ್ತವೆ. ಟೆನ್ಷನರು, ಗೈಡು, ಸ್ಪ್ರಾಕೆಟು, ಸೀಲು, ಎಲ್ಲ ಹೊಸದು. ಮತ್ತೆ ಈ ಕವರು ಬಿಚ್ಚೋ ದಿನ ನಿಮಗೆ ಬರಬಾರದು.

– ಈ ಹಳೇ ಚೈನು ನಾನು ಇಟ್ಕೊಳ್ಳಲಾ?

– ಡೈರಿ ಜೊತೆ ಇಡಿ. ನಿಮ್ಮದೇ ಅದು.

*

– ಇನ್ನೂ ಸ್ಟಾರ್ಟ್ ಮಾಡಿಲ್ಲ. ನೀವು ಬರಲಿ ಅಂತ ಕಾದೆ. ಕ್ರ್ಯಾಂಕಿಗೂ ಕ್ಯಾಮಿಗೂ ಪಿನ್ನು ತೂರಿಸಿ ಅಲ್ಲಾಡದ ಹಾಗೆ ನಿಲ್ಲಿಸಿ ಚೈನು ಹಾಕಿದ್ದೆ. ಈಗ ಪಿನ್ನು ತೆಗೆದಿದೀನಿ. ಗ್ಲೋ ಪ್ಲಗ್ಗೂ ತೆಗೆದಿದೀನಿ, ಒಳಗೆ ಗಾಳಿ ಒತ್ತಡ ಇರಲ್ಲ. ಐದನೇ ಗೇರಲ್ಲಿದೆ. ಎಡಗಡೆ ಮುಂದಿನ ಚಕ್ರ ಎತ್ತಿದೀನಿ, ನೀವು ಅದನ್ನ ಹಿಡಿದು ನಿಧಾನಕ್ಕೆ ಮುಂದಕ್ಕೆ ತಿರುಗಿಸಿ. ನಾನು ಈ ಕಡೆಯಿಂದ ಪುಲ್ಲಿ ಮೇಲಿನ ಸುಣ್ಣದ ಗುರುತು ನೋಡ್ತಿರ್ತೀನಿ.

– ನಾನಾ? ಕೀ ತಿರುಗಿಸಿದ್ರೆ ಸ್ಟಾರ್ಟರೇ ತಿರುಗಿಸಲ್ವಾ?

– ಸ್ಟಾರ್ಟರಿಗೆ ಅಡ್ಡ ಬಂದದ್ದು ಗೊತ್ತಾಗಲ್ಲ, ಮುರಿದುಕೊಂಡೇ ತಿರುಗಿಸುತ್ತೆ. ಕೈಗೆ ಗೊತ್ತಾಗುತ್ತೆ. ಎಲ್ಲಾದ್ರೂ ಗಟ್ಟಿಯಾಗಿ ತಡೆದ ಹಾಗಾದ್ರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ.

– ತಿರುಗ್ತಿದೆ. ಒಂದು ಕಡೆ ಬಿಗಿ, ಆಮೇಲೆ ಜಾರಿದ ಹಾಗೆ ಹಗುರ.

– ಕ್ಯಾಮು ವಾಲ್ವಿನ ಸ್ಪ್ರಿಂಗ್ ಒತ್ತಿ ದಾಟ್ತಿರೋದು ಅದು. ಒತ್ತೋವಾಗ ಬಿಗಿ, ದಾಟಿದ ಮೇಲೆ ಹಗುರ. ಹೋಗಲಿ, ಹೋಗಲಿ. ಗುರುತು ಕೆಳಗೆ ಬಂತು, ಒಂದು ಸುತ್ತು. ನಿಲ್ಲಿಸಬೇಡಿ.

– ಇದು ಒಳಗೆ ಉಸಿರಾಡ್ತಿದೆ ಮೇಸ್ತ್ರಿ! ಗ್ಲೋ ಪ್ಲಗ್ಗಿನ ತೂತಲ್ಲಿ ಗಾಳಿ ಹೋಗಿ ಬರೋದು ಕೇಳುತ್ತೆ.

– ನಾಲ್ಕು ಸಿಲಿಂಡರೂ ಒಂದಾದಮೇಲೊಂದು. ಇನ್ನರ್ಧ… ಇನ್ನು ಕಾಲು ಸುತ್ತು… ನಿಲ್ಲಿ. ಎರಡು ಸುತ್ತು ಆಯ್ತು. ಕ್ಯಾಮಿಗೆ ಒಂದು. ಈಗ ನೋಡಿ, ಪಿನ್ನು ಮತ್ತೆ ತೂರಿಸ್ತೀನಿ. ಕ್ರ್ಯಾಂಕಿಂದು ಹೋಯ್ತು. ಕ್ಯಾಮಿಂದು… ಹೋಯ್ತು. ಒತ್ತೋ ಕೆಲಸವೇ ಇಲ್ಲ, ಬೆಣ್ಣೇಲಿ ಹೋದ ಹಾಗೆ.

– ಹೋಗದೇ ಇದ್ದಿದ್ರೆ?

– ಕವರು ಮತ್ತೆ ಬಿಚ್ಚೋದು. ಇಡೀ ದಿನದ ಕೆಲಸ ಹೋದ್ರೂ ಬಿಚ್ಚಲೇಬೇಕು. ಹೆಚ್ಚುಕಮ್ಮಿ ಸರಿ ಇದೆ ಅಂತ ಈ ಕೆಲಸದಲ್ಲಿ ಇಲ್ಲ.

– ಇವತ್ತೇ ಮನೆಗೆ ತಗೊಂಡು ಹೋಗಬಹುದಾ?

– ಬೇಡ. ಕವರಿಗೆ, ಸಂಪಿಗೆ ಹಾಕಿರೋ ಸಿಲಿಕೋನ್ ಗಮ್ಮು ಹಸಿ ಇದೆ. ತೆಳ್ಳಗೆ ಒಂದು ಗೆರೆ ಎಳೆದಿದೀನಿ. ಜಾಸ್ತಿ ಮೆತ್ತಿದ್ರೆ ಒಳಗಡೆ ಹಿಂಡಿ ಬಂದು, ಗೈಡಿನ ತುಂಡಿನ ಹಾಗೇ ಜಾಲರಿಗೆ ಅಡ್ಡ ಬೀಳುತ್ತೆ. ರಾತ್ರಿ ಒಣಗಲಿ. ಸಂಜೆ ಹೊಸ ಆಯಿಲ್ ಹಾಕಿ, ಇಂಜೆಕ್ಟರಿನ ವೈರು ಬಿಚ್ಚಿಟ್ಟು, ಎಂಜಿನ್ ಹತ್ತದ ಹಾಗೆ ಸ್ಟಾರ್ಟರ್ ಹೊಡೀತೀನಿ. ಆಯಿಲ್ ದೀಪ ಆರಿದ್ರೆ ಟೆನ್ಷನರ್ ತುಂಬಿದೆ ಅಂತ. ಆಮೇಲೆ ಒಂದು ಸಲ ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ, ಆರಿಸಿ ಬಿಡ್ತೀನಿ. ನೀವು ಬೆಳಿಗ್ಗೆ ಬನ್ನಿ, ನಾನು ಷಟರ್ ತೆಗೆಯೋ ಹೊತ್ತಿಗೆ.

*

– ಇಷ್ಟು ಬೇಗ ಬಂದ್ರಾ? ಟೀ ಕುಡಿದ್ರಾ?

– ಆಮೇಲೆ ಕುಡಿಯೋಣ. ಮೊದಲು ಕೇಳೋಣ.

– ಬಾನೆಟ್ ಮುಟ್ಟಿ ನೋಡಿ.

– ಮಂಜಿನ ಹಾಗಿದೆ.

– ಹಾಗೇ ಇರಬೇಕು. ಕಿಟಕಿ ಇಳಿಸ್ಕೊಳ್ಳಿ, ರೇಡಿಯೋ ಆರಿಸಿ. ಏ ಹುಡುಗ, ಆ ಕಂಪ್ರೆಸರ್ ನಿಲ್ಲಿಸೋ! ಹಾಂ, ಗ್ಲೋ ದೀಪ ಹೋಗಲಿ ಮೇಡಂ. ಹೋಯ್ತಾ? ಹೊಡೀರಿ.

– …

– ಒಂದು. ಎರಡು. ಮೂರು. ನಾಲ್ಕು. ಏನು ಕೇಳ್ತು?

– ಎಂಜಿನ್ನೇ ಕೇಳ್ತು. ಡಬ್ಬದಲ್ಲಿ ಕಾಳಿಲ್ಲ.

– ನನಗೂ ಅಷ್ಟೇ ಕೇಳಿದ್ದು. ಎಷ್ಟಾಗಿದೆ ಮೀಟರು? ಬರ್ಕೊಳ್ಳಿ.

– 1,12,346. ತಾರೀಕು ಹಾಕಿದೆ. ಅಪ್ಪನ ಕೊನೇ ಸಾಲಿನ ಕೆಳಗೇ ಬರೆದಿದ್ದೀನಿ, ಮಧ್ಯೆ ಜಾಗ ಬಿಡಲಿಲ್ಲ. ಮೇಸ್ತ್ರಿ, ಆರಿಸಿ ಇನ್ನೊಂದು ಸಲ ಸ್ಟಾರ್ಟ್ ಮಾಡಲಾ? ಗ್ಯಾರಂಟಿಗೆ?

– ಪ್ರಯೋಜನ ಇಲ್ಲ. ಆಯಿಲ್ ಈಗ ಮೇಲಿದೆ. ಆ ಮೂರು ಸೆಕೆಂಡು ದಿನಕ್ಕೆ ಒಂದೇ ಸಲ ಬರೋದು. ನಾಳೆ ಬೆಳಿಗ್ಗೆ ಬನಶಂಕರೀಲಿ ಕೇಳಿ.